ಕಾಲಿನ ನರಕ್ಕೆ ಕೊಡುವ ಕಾಂಬಿನೇಷನ್ ಮಾತ್ರೆ: ನೋವಿಗೆ ಮಾತ್ರವಾ, ನರವನ್ನೂ ಉಳಿಸುತ್ತದಾ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಈಗ 61 ವರ್ಷ. ಶುಗರ್ ಶುರುವಾಗಿ ಹದಿನಾಲ್ಕು ವರ್ಷವಾಯಿತು. ಮೊದಲಿನಿಂದಲೂ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ. ಒಂದು ವರ್ಷದಿಂದ ಎರಡೂ ಪಾದ ಜೋಮು. ರಾತ್ರಿ ಮಲಗಿದರೆ ಉರಿ ಶುರು, ಹೊದಿಕೆ ತಾಗಿದರೂ ತಡೆಯಲು ಆಗುವುದಿಲ್ಲ. ಡಾಕ್ಟರು ಒಂದು ಮಾತ್ರೆ, ಒಂದು ಕ್ಯಾಪ್ಸೂಲ್ ಬರೆದುಕೊಟ್ಟರು. ಮಾತ್ರೆಯ ಸ್ಟ್ರಿಪ್ ಹಿಂದೆ ಪ್ರಿಗಾಬಲಿನ್ 75 ಮಿ.ಗ್ರಾಂ, ಮೀಥೈಲ್‌ಕೋಬಾಲಮಿನ್ 750 ಮೈಕ್ರೋಗ್ರಾಂ ಅಂತ ಇದೆ. ಕ್ಯಾಪ್ಸೂಲಿನಲ್ಲಿ ಆಲ್ಫಾ ಲಿಪೋಯಿಕ್ ಆಸಿಡ್, ಫೋಲಿಕ್ ಆಸಿಡ್, ಬಿ6, ಇನ್ನೂ ಏನೇನೋ ಇವೆ.

ಉರಿ ಎಷ್ಟೋ ಕಡಿಮೆಯಾಗಿದೆ. ಜೋಮು ಮಾತ್ರ ಹಾಗೇ ಇದೆ. ಮೊನ್ನೆ ನಡೆಯುವಾಗ ಚಪ್ಪಲಿ ಕಳಚಿ ಹೋದದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಉರಿ ಕಡಿಮೆಯಾಗಿದೆ ಅಂದರೆ ನರ ಹಾಳಾಗುವುದು ನಿಂತಿದೆ ಅಂತಲಾ? ನರದ ಎಳೆ ಸಾಯದ ಹಾಗೆ ಎರಡು ಮೂರು ಔಷಧಿ ಸೇರಿಸಿ ಕೊಡುವ ಚಿಕಿತ್ಸೆ ನಿಜವಾಗಿ ಇದೆಯಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಮೆಡಿಕಲ್ ಶಾಪ್ (ದಾವಣಗೆರೆ)

ಅಕ್ಕಾ, ಅಂಗಡಿಗೆ ಬಂದವರು ದಿನಾ ಕೇಳುವ ಪ್ರಶ್ನೆ ಇದು. ಹೆಚ್ಚಿನವರು "ನರದ ಶಕ್ತಿ ಮಾತ್ರೆ" ಎಂದೇ ಕೇಳುತ್ತಾರೆ. ಅದರಲ್ಲಿ ಏನಿದೆ ಎಂದು ನೋಡುವವರು ಕಡಿಮೆ.

ಪ್ರಿಗಾಬಲಿನ್ ನೋವಿನ ಔಷಧಿ. ನರದಿಂದ ಮಿದುಳಿಗೆ ಹೋಗುವ ಅತಿಯಾದ ಸಂಕೇತವನ್ನು ತಗ್ಗಿಸುತ್ತದೆ, ಅಷ್ಟೇ. ಮೀಥೈಲ್‌ಕೋಬಾಲಮಿನ್ ಅಂದರೆ ಬಿ12. ಮೈಯಲ್ಲಿ ಬಿ12 ಕಡಿಮೆ ಇದ್ದವರಿಗೆ ಅದು ನಿಜವಾದ ಚಿಕಿತ್ಸೆ. ಸರಿಯಾಗಿದ್ದವರಿಗೆ ದೊಡ್ಡ ಲಾಭವೇನೂ ಕಾಣುವುದಿಲ್ಲ. ಆಲ್ಫಾ ಲಿಪೋಯಿಕ್ ಆಸಿಡ್ ಬಗ್ಗೆ ಡಾಕ್ಟರುಗಳು ಹೇಳಲಿ.

ಇನ್ನೊಂದು ಮಾತು. ನಮ್ಮ ದೇಶದಲ್ಲಿ ಒಂದೇ ಮಾತ್ರೆಯಲ್ಲಿ ನಾಲ್ಕೈದು ಔಷಧಿ ತುಂಬುವುದು ಜಾಸ್ತಿ. ಸರಿಯಾದ ಕಾರಣವಿಲ್ಲದೆ ಸೇರಿಸಿದ ಇಂಥ ಔಷಧಿಗಳನ್ನು ಕೇಂದ್ರ ಸರ್ಕಾರ ಮತ್ತೆ ಮತ್ತೆ ನಿಷೇಧಿಸಿದೆ. 2016ರಲ್ಲಿ 344, 2018ರಲ್ಲಿ 328, 2024ರಲ್ಲಿ 156. ಹಾಗಂತ ನಿಮ್ಮ ಅಮ್ಮನ ಮಾತ್ರೆ ಬ್ಯಾನ್ ಆಗಿದೆ ಎಂದು ಹೇಳುತ್ತಿಲ್ಲ, ಗಾಬರಿಯಾಗಬೇಡಿ. ಆದರೆ "ಎಲ್ಲಾ ಸೇರಿದೆ, ಹಾಗಾದರೆ ಒಳ್ಳೆಯದೇ" ಎಂದುಕೊಳ್ಳಬಾರದು. ಡಾಕ್ಟರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ. ಪ್ರಿಗಾಬಲಿನ್ ಅಂತೂ ಒಂದೇ ಸಲಕ್ಕೆ ಬಿಡುವ ಹಾಗಿಲ್ಲ, ಹಂತ ಹಂತವಾಗಿ ಇಳಿಸಬೇಕು.

ನರದ ಎಳೆ (ಬ್ರಿಟನ್, ಊರು ತಿಪಟೂರು)

ನಾನು ಡಾಕ್ಟರಲ್ಲ, ನರದ ಎಳೆ ಹೇಗೆ ಸಾಯುತ್ತದೆ ಎಂದು ಲ್ಯಾಬಿನಲ್ಲಿ ನೋಡುವವನು. ತುಂಗಾತೀರ ಅವರೇ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಇಲ್ಲ. ಉರಿ ಇಳಿಯುವುದು ಬೇರೆ, ನರ ಉಳಿಯುವುದು ಬೇರೆ. ಎಳೆ ಪೂರ್ತಿ ಸತ್ತುಹೋದಾಗಲೂ ಕೆಲವೊಮ್ಮೆ ಉರಿ ತಾನಾಗಿಯೇ ನಿಲ್ಲುತ್ತದೆ. ಅದನ್ನು ಗುಣ ಎಂದುಕೊಂಡು ಸುಮ್ಮನಾದವರಿದ್ದಾರೆ. ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕಾಲ್ಬೆರಳಿನ ಸ್ಪರ್ಶವನ್ನು ಒಯ್ಯುವ ನರಕೋಶ ಇರುವುದು ಬೆನ್ನುಮೂಳೆಯ ಪಕ್ಕದಲ್ಲಿ. ಅಲ್ಲಿಂದ ಬೆರಳ ತುದಿಯವರೆಗೆ ಅದರ ಒಂದೇ ಎಳೆ ಚಾಚಿಕೊಂಡಿರುತ್ತದೆ, ಸುಮಾರು ಒಂದು ಮೀಟರ್ ಉದ್ದ. ಬೇಕಾದ ಪ್ರೋಟೀನ್‌ಗಳಲ್ಲಿ ಹೆಚ್ಚಿನವು ಆ ಕೋಶದಿಂದಲೇ ಸಾಗಿ ಬರಬೇಕು. ಭದ್ರಾ ನಾಲೆಯ ಕೊನೆ ಭಾಗದ ಗದ್ದೆ ನೆನಪಿಸಿಕೊಳ್ಳಿ. ಮೇಲೆ ಎಲ್ಲಿ ತೊಂದರೆಯಾದರೂ ಮೊದಲು ಒಣಗುವುದು ಅದೇ. ಸಕ್ಕರೆ ಕಾಯಿಲೆಯಲ್ಲಿ ಜೋಮು ಎರಡೂ ಪಾದದಲ್ಲಿ ಒಟ್ಟಿಗೆ ಶುರುವಾಗಿ ಮೇಲಕ್ಕೆ ಏರುವುದು ಅದಕ್ಕೇ. ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳಲ್ಲೂ ಕಾಣಿಸಿಕೊಳ್ಳುತ್ತದೆ.

ಈಗ ಸಾಯುವ ಬಗೆ. 1850ರಲ್ಲಿ ಅಗಸ್ಟಸ್ ವಾಲರ್ ಎಂಬುವರು ಕಪ್ಪೆಯ ನಾಲಿಗೆಗೆ ಹೋಗುವ ನರ ಕತ್ತರಿಸಿ ನೋಡಿದರು. ಕೋಶದಿಂದ ಬೇರೆಯಾದ ತುಂಡು ಕೆಲವು ದಿನಗಳಲ್ಲಿ ಚೂರುಚೂರಾಯಿತು. ಊಟವಿಲ್ಲದೆ ಸತ್ತಿತು ಎಂದೇ ಮುಂದೆ ಬಹಳ ಕಾಲ ಎಲ್ಲರೂ ನಂಬಿದ್ದರು. 1989ರಲ್ಲಿ ಒಂದು ವಿಚಿತ್ರ ಇಲಿ ತಳಿಯ ವರದಿ ಬಂತು. ಅದರ ನರ ಕತ್ತರಿಸಿದರೆ ಬೇರೆಯಾದ ತುಂಡು ಎರಡು ವಾರಕ್ಕೂ ಜಾಸ್ತಿ ಬದುಕುತ್ತಿತ್ತು! ಅಂದರೆ ಎಳೆ ಸುಮ್ನೆ ಬಾಡಿ ಸಾಯುವುದಿಲ್ಲ. ತನ್ನನ್ನು ತಾನೇ ಒಡೆದುಕೊಳ್ಳುವ ಒಂದು ಏರ್ಪಾಡು ಅದರೊಳಗೇ ಇದೆ. 2012ರಲ್ಲಿ ಆ ಏರ್ಪಾಡಿನ ಮುಖ್ಯ ಪ್ರೋಟೀನ್ ಸಿಕ್ಕಿತು. ಹೆಸರು ಸಾರ್ಮ್1. ಶಕ್ತಿ ತಯಾರಿಸಲು ಎಳೆಗೆ ಎನ್‌ಎಡಿ ಎಂಬ ವಸ್ತು ಬೇಕೇ ಬೇಕು. ಪೆಟ್ಟು ಬಿದ್ದಾಗ ಸಾರ್ಮ್1 ಚುರುಕಾಗಿ ಆ ಎನ್‌ಎಡಿಯನ್ನು ಒಡೆದು ಮುಗಿಸುತ್ತದೆ. ಅದನ್ನು ತಡೆಯುವ ಔಷಧಿಗಳ ಮೇಲೆ ಈಗ ಕೆಲಸ ನಡೆದಿದೆ. ಮೆಡಿಕಲ್ ಶಾಪಿಗೆ ಬರುವ ಹಂತಕ್ಕೆ ಯಾವುದೂ ಮುಟ್ಟಿಲ್ಲ.

ಹಲವು ಔಷಧಿ ಸೇರಿಸುವ ಯೋಚನೆ ಹುಟ್ಟಿದ್ದೂ ಇಲ್ಲಿಂದಲೇ. ಶುಗರ್ ಇದ್ದವರಲ್ಲಿ ಎಳೆಗೆ ಪೆಟ್ಟು ಒಂದೇ ದಾರಿಯಲ್ಲಿ ಬರುವುದಿಲ್ಲ. ಹೆಚ್ಚಿದ ಗ್ಲೂಕೋಸ್ ಕೋಶದೊಳಗೆ ಸಾರ್ಬಿಟಾಲ್ ಎಂಬ ಸಕ್ಕರೆ ಥರದ ವಸ್ತುವಾಗುತ್ತದೆ. ಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೋಕಾಂಡ್ರಿಯಾ ಸೊರಗುತ್ತದೆ. ನರಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳು ಕಟ್ಟಿಕೊಳ್ಳುತ್ತವೆ. ಕೊಬ್ಬಿನ ಅಂಶವೂ ತನ್ನ ಪಾಲು ಹಾನಿ ಮಾಡುತ್ತದೆ. ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದೇ ಇರುತ್ತದೆ. ಹಾಗಾಗಿ ಎರಡು ಮೂರು ಕಡೆ ಒಟ್ಟಿಗೆ ತಡೆಯೋಣ ಎನ್ನುವುದು ಯೋಚನೆ. ಯೋಚನೆಯಲ್ಲಿ ತಪ್ಪಿಲ್ಲ. ಕಷ್ಟ ಇರುವುದು ಅದನ್ನು ಸಾಬೀತು ಮಾಡುವುದರಲ್ಲಿ.

ಹಾವೇರಿಯವನು

ಎಳೆ ಅವರೇ, ನನಗೊಂದು ಸಂಶಯ. ಟಿಬಿಗೆ ನಾಲ್ಕು ಔಷಧಿ ಒಟ್ಟಿಗೆ ಕೊಡುತ್ತಾರೆ. ಎಚ್‌ಐವಿಗೆ ಮೂರು. ಕ್ಯಾನ್ಸರಿಗೂ ಅಷ್ಟೇ. ಅಲ್ಲಿ ಯಾರೂ ಸಂಶಯಪಡುವುದಿಲ್ಲ. ನರದ ವಿಷಯ ಬಂದಾಗ ಮಾತ್ರ ಯಾಕೆ ಇಷ್ಟೊಂದು ಅನುಮಾನ? ಹೇಗೂ ವಿಟಮಿನ್ ತಾನೇ? ಹಾನಿ ಇಲ್ಲದಿದ್ದರೆ ಎಲ್ಲಾ ಸೇರಿಸಿ ಕೊಟ್ಟರೆ ತಪ್ಪೇನು? ನನ್ನ ತಂದೆಗೆ ಇದೇ ಥರದ ಕ್ಯಾಪ್ಸೂಲಿನಿಂದ ಅನುಕೂಲ ಆಗಿದೆ. ಅದನ್ನು ಕಣ್ಣಾರೆ ನೋಡಿದ್ದೇನೆ.

ಶುಗರ್ ಡಾಕ್ಟರ್ (ಹುಬ್ಬಳ್ಳಿ)

ಹಾವೇರಿಯವರೇ, ಒಳ್ಳೆಯ ಪ್ರಶ್ನೆ. ಟಿಬಿಯನ್ನೇ ತೆಗೆದುಕೊಳ್ಳೋಣ. ಆ ನಾಲ್ಕೂ ಔಷಧಿಗಳ ಕೆಲಸ ಒಂದೊಂದಾಗಿ ಸಾಬೀತಾಗಿದೆ. ಸೇರಿಸಿದಾಗ ಏನಾಗುತ್ತದೆ ಎಂಬುದನ್ನೂ ಸಾವಿರಾರು ಜನರಲ್ಲಿ ನೋಡಿದ್ದಾರೆ. ಸೇರಿಸಲು ಕಾರಣವೂ ಇದೆ: ಒಂದನ್ನೇ ಕೊಟ್ಟರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ನರದ ಕ್ಯಾಪ್ಸೂಲುಗಳಲ್ಲಿ ಹೆಚ್ಚಿನವಕ್ಕೆ ಈ ಮೂರರಲ್ಲಿ ಒಂದೂ ಇಲ್ಲ.

ಇನ್ನು "ವಿಟಮಿನ್ ತಾನೇ" ಎಂಬ ಮಾತು. ಇದೇ ಟಿಬಿಯಲ್ಲಿ ಬಿ6 ಕಥೆ ಕೇಳಿ. ಐಸೋನಿಯಾಜಿಡ್ ಎಂಬ ಟಿಬಿ ಔಷಧಿ ಮೈಯಲ್ಲಿನ ಬಿ6 ಅನ್ನು ಕಡಿಮೆ ಮಾಡುತ್ತದೆ. ಅದರಿಂದ ಪಾದದ ನರ ಕೆಡುತ್ತದೆ. ಅದಕ್ಕೇ ಟಿಬಿ ಚಿಕಿತ್ಸೆಯ ಜೊತೆಗೆ ಸಣ್ಣ ಪ್ರಮಾಣದ ಬಿ6 ಕೊಡುತ್ತೇವೆ. ಸುಮಾರು 10ರಿಂದ 25 ಮಿಲಿಗ್ರಾಂ ಸಾಕು, ನರ ಉಳಿಯುತ್ತದೆ. ನರ ಕಾಯಲೆಂದೇ ಒಂದು ಔಷಧಿಯ ಜೊತೆ ಇನ್ನೊಂದನ್ನು ಕೊಡುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅದೇ ಬಿ6 ಅತಿಯಾದರೆ? 1983ರಲ್ಲಿ ಅಮೆರಿಕದ ಡಾಕ್ಟರುಗಳು ಏಳು ಜನರ ಬಗ್ಗೆ ಬರೆದರು. ಅವರು ದಿನಕ್ಕೆ 2ರಿಂದ 6 ಗ್ರಾಂ ಬಿ6 ತೆಗೆದುಕೊಳ್ಳುತ್ತಿದ್ದರು. ಎಲ್ಲರಿಗೂ ಸ್ಪರ್ಶದ ನರ ಕೆಟ್ಟು, ನೆಟ್ಟಗೆ ನಡೆಯಲೂ ಕಷ್ಟವಾಗಿತ್ತು. ಅಷ್ಟು ದೊಡ್ಡ ಪ್ರಮಾಣ ನಮ್ಮ ಕ್ಯಾಪ್ಸೂಲಿನಲ್ಲಿ ಇರುವುದಿಲ್ಲ. ಆದರೆ ಒಬ್ಬರೇ ರೋಗಿ ಮೂರು ಡಾಕ್ಟರ ಹತ್ತಿರ ಹೋಗಿ, ಮೂರು ಹೆಸರಿನ ನರದ ಮಾತ್ರೆ ವರ್ಷಗಟ್ಟಲೆ ನುಂಗುವುದನ್ನು ನಾನು ನೋಡುತ್ತಲೇ ಇದ್ದೇನೆ. ಮೂರರಲ್ಲೂ ಬಿ6 ಇರುತ್ತದೆ. ಕಡಿಮೆ ಪ್ರಮಾಣವೇ ಆದರೂ ಬಹಳ ಕಾಲ ತೆಗೆದುಕೊಂಡವರಲ್ಲಿ ಜೋಮು ಬಂದ ವರದಿಗಳಿವೆ. ಜೋಮಿಗೆಂದು ತಿಂದ ಮಾತ್ರೆಯೇ ಜೋಮು ಹೆಚ್ಚಿಸಿದರೆ ಎಷ್ಟು ಅನ್ಯಾಯ ಅಲ್ವಾ?

ತುಂಗಾತೀರ ಅವರೇ, ನಿಮ್ಮ ಅಮ್ಮನಿಗೆ ಬಿ12 ಪರೀಕ್ಷೆ ಮಾಡಿಸಿದ್ದಾರಾ? ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡರೆ ಬಿ12 ಇಳಿಯುತ್ತದೆ. ಸಸ್ಯಾಹಾರಿಗಳಾದರೆ ಇನ್ನೂ ಬೇಗ. ಬಿ12 ಕೊರತೆಯ ಜೋಮು, ಶುಗರ್ ಜೋಮು ಎರಡೂ ನೋಡಲು ಒಂದೇ ಥರ. ಕೊರತೆಯದನ್ನು ಬೇಗ ಹಿಡಿದರೆ ವಾಪಸ್ ತರಬಹುದು. ಈಗಾಗಲೇ ಬಿ12 ಇರುವ ಮಾತ್ರೆ ತೆಗೆದುಕೊಳ್ಳುತ್ತಿರುವುದರಿಂದ ಫಲಿತಾಂಶ ಮೇಲೆ ತೋರಿಸಬಹುದು. ಹಾಗಾಗಿ ಮಾತ್ರೆಯ ವಿಷಯ ಹೇಳಿಯೇ ಪರೀಕ್ಷೆ ಮಾಡಿಸಿ.

ತುಂಗಾತೀರ

ಇಲ್ಲ ಸರ್, ಬಿ12 ಒಮ್ಮೆಯೂ ಮಾಡಿಸಿಲ್ಲ. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳೇ. ಹಾಗಾದರೆ ಆಲ್ಫಾ ಲಿಪೋಯಿಕ್ ಆಸಿಡ್ ನಿಲ್ಲಿಸಬಹುದಾ? ಅದರದ್ದೇ ಖರ್ಚು ಜಾಸ್ತಿ. ಕಿಡ್ನಿ ಹೇಗಿದೆ ಎಂದು ನೋಡುವ ರಕ್ತ ಪರೀಕ್ಷೆಯಲ್ಲಿ ಅಮ್ಮನ ಕ್ರಿಯಾಟಿನಿನ್ ಈ ಸಲ 1.6 ಬಂದಿದೆ, ಅದೂ ಚಿಂತೆ.

ಶುಗರ್ ಡಾಕ್ಟರ್

ಕ್ರಿಯಾಟಿನಿನ್ 1.6 ಅಂದರೆ ಮೊದಲು ಆ ರಿಪೋರ್ಟ್ ಹಿಡಿದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ, ತಡ ಮಾಡಬೇಡಿ. ಪ್ರಿಗಾಬಲಿನ್ ಹೊರಗೆ ಹೋಗುವುದು ಕಿಡ್ನಿಯಿಂದಲೇ. ಕಿಡ್ನಿ ನಿಧಾನವಾದರೆ ಔಷಧಿ ಮೈಯಲ್ಲೇ ನಿಲ್ಲುತ್ತದೆ. ಆಗ ತೂಕಡಿಕೆ, ತಲೆಸುತ್ತು, ಕಾಲು ಊತ ಬರುತ್ತದೆ. ರಾತ್ರಿ ಬಾತ್‌ರೂಮಿಗೆ ಎದ್ದು ಬಿದ್ದರೆ ಸೊಂಟ ಮುರಿಯುತ್ತದೆ. ಮೆಟ್‌ಫಾರ್ಮಿನ್ ಪ್ರಮಾಣವನ್ನೂ ಇದೇ ಲೆಕ್ಕದಲ್ಲಿ ನೋಡಬೇಕು.

ಲಿಪೋಯಿಕ್ ಆಸಿಡ್ ಬಗ್ಗೆ. ಜರ್ಮನಿಯಲ್ಲಿ ಇದನ್ನು ಬಹಳ ವರ್ಷಗಳಿಂದ ಬಳಸುತ್ತಾರೆ. ಕೆಲವು ವಾರಗಳ ಪ್ರಯೋಗಗಳಲ್ಲಿ ಉರಿ, ಚುಚ್ಚುವಿಕೆ ಕಡಿಮೆಯಾಗಿದ್ದು ನಿಜ. ಹಾವೇರಿಯವರ ತಂದೆಗೆ ಅನುಕೂಲವಾದದ್ದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನರ ಉಳಿಸುತ್ತದಾ ಎಂದು ನೋಡಲು ನಾಥನ್ 1 ಎಂಬ ದೊಡ್ಡ ಪ್ರಯೋಗ ನಡೆಯಿತು. 460 ಜನ, ನಾಲ್ಕು ವರ್ಷ, ದಿನಕ್ಕೆ 600 ಮಿ.ಗ್ರಾಂ. 2011ರಲ್ಲಿ ಫಲಿತಾಂಶ ಬಂತು. ಮುಖ್ಯವಾಗಿ ಅಳೆಯಬೇಕೆಂದಿದ್ದ ಅಂಕಿಯಲ್ಲಿ ಔಷಧಿಗೂ ಹುಸಿ ಮಾತ್ರೆಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಕೆಲವು ಸಣ್ಣ ಅಳತೆಗಳಲ್ಲಿ ಸುಧಾರಣೆ ಕಂಡಿತು. ಸಾರ್ಬಿಟಾಲ್ ದಾರಿಯನ್ನು ತಡೆಯುವ ಎಪಾಲ್‌ರೆಸ್ಟಾಟ್ ಎಂಬ ಮಾತ್ರೆಯೂ ಇದೆ. ಜಪಾನಿನಲ್ಲಿ, ನಮ್ಮಲ್ಲಿ ಸಿಗುತ್ತದೆ. ಜಪಾನಿನ ಮೂರು ವರ್ಷದ ಪ್ರಯೋಗದಲ್ಲಿ ನರ ಸಂಕೇತ ಒಯ್ಯುವ ವೇಗ ಕುಸಿಯುವುದು ನಿಧಾನವಾಯಿತು. ಅಮೆರಿಕದಲ್ಲಿ ಅದಕ್ಕೆ ಅನುಮತಿ ಇಲ್ಲ.

ಹಾಗಾಗಿ ಖರ್ಚು ಹೊರೆಯಾಗುತ್ತಿದ್ದರೆ ಅದನ್ನು ಬಾಯಿಬಿಟ್ಟು ನಿಮ್ಮ ಡಾಕ್ಟರಿಗೆ ಹೇಳಿ. ಇದರಲ್ಲಿ ಸಂಕೋಚ ಬೇಡ. ಆ ದುಡ್ಡು ಒಳ್ಳೆಯ ಚಪ್ಪಲಿಗೆ, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಹೋದರೆ ನಿಮ್ಮ ಅಮ್ಮನಿಗೆ ಹೆಚ್ಚು ಉಪಯೋಗ ಎನ್ನುವುದು ನನ್ನ ಅಭಿಪ್ರಾಯ.

ನರಕ್ಕೆ ನಿಜವಾಗಿ ರಕ್ಷಣೆ ಕೊಟ್ಟದ್ದು ಯಾವುದು ಎಂದರೆ ಸಕ್ಕರೆ ಹಿಡಿತ. ಅಮೆರಿಕ, ಕೆನಡಾದ ಡಿಸಿಸಿಟಿ ಪ್ರಯೋಗ 1983ರಿಂದ 1993ರವರೆಗೆ ನಡೆಯಿತು. 1441 ಜನ, ಎಲ್ಲರೂ ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗದ ಬಗೆ. ಬಿಗಿ ಹಿಡಿತವಿದ್ದವರಲ್ಲಿ ನರದ ತೊಂದರೆ ಶೇ. 60ರಷ್ಟು ಕಡಿಮೆಯಾಯಿತು. ಸಾಮಾನ್ಯವಾಗಿ ದೊಡ್ಡವರಾದ ಮೇಲೆ ಬರುವ ಟೈಪ್ 2ರಲ್ಲಿ ಅಷ್ಟು ದೊಡ್ಡ ಲಾಭ ಸಿಗಲಿಲ್ಲ. ಡೆನ್ಮಾರ್ಕಿನ ಸ್ಟೆನೋ 2 ಪ್ರಯೋಗದಲ್ಲಿ 160 ಜನ ಟೈಪ್ 2 ರೋಗಿಗಳಿಗೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಎಲ್ಲಕ್ಕೂ ಒಟ್ಟಿಗೆ ಔಷಧಿ ಕೊಟ್ಟು ನೋಡಿದರು. ಸುಮಾರು ಎಂಟು ವರ್ಷದ ನಂತರ ಹೃದಯ, ಕಿಡ್ನಿ, ಕಣ್ಣಿಗೆ ಒಳ್ಳೆಯದಾಗಿತ್ತು. ಹೃದಯದ ಬಡಿತ, ಬಿಪಿ ನೋಡಿಕೊಳ್ಳುವ ನರಗಳೂ ಉಳಿದುಕೊಂಡವು. ಪಾದದ ನರ ಮಾತ್ರ ಉಳಿಯಲಿಲ್ಲ! ಇದು ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಅಷ್ಟು ಉದ್ದದ ಎಳೆಯನ್ನು ಕಾಯುವುದು ಅಷ್ಟು ಕಷ್ಟ.

ಹಾವೇರಿಯವನು

ಸರ್, ಹಾಗಾದರೆ ನೋವಿನ ಔಷಧಿ ಸೇರಿಸಿ ಕೊಡುವುದೂ ದಂಡವೇ?

ಶುಗರ್ ಡಾಕ್ಟರ್

ಖಂಡಿತ ಅಲ್ಲ. ನೋವಿಗೆ ಸೇರಿಸಿ ಕೊಡುವುದಕ್ಕೆ ಒಳ್ಳೆಯ ಆಧಾರ ಇದೆ. ಬ್ರಿಟನ್ನಿನ ಆಪ್ಷನ್ ಡಿಎಂ ಪ್ರಯೋಗ, 130 ಜನ, 2022ರಲ್ಲಿ ಪ್ರಕಟವಾಯಿತು. ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಪ್ರಿಗಾಬಲಿನ್ ಇವುಗಳಲ್ಲಿ ಒಂದರಿಂದ ಶುರು ಮಾಡಿ, ಸಾಲದಿದ್ದರೆ ಇನ್ನೊಂದನ್ನು ಸೇರಿಸುತ್ತಾ ಹೋದರು. ಹತ್ತಕ್ಕೆ ಸುಮಾರು 6.6 ಇದ್ದ ನೋವು 3.3ಕ್ಕೆ ಇಳಿಯಿತು. ಯಾವುದರಿಂದ ಶುರು ಮಾಡಿದರೂ ಫಲ ಹೆಚ್ಚುಕಡಿಮೆ ಒಂದೇ. ರಾತ್ರಿ ನಿದ್ದೆ ಬಂದರೆ ಮನುಷ್ಯನಿಗೆ ಅರ್ಧ ಜೀವ ವಾಪಸ್ ಬಂದ ಹಾಗೆ. ಅದನ್ನು ಸಣ್ಣ ವಿಷಯ ಎಂದು ನಾನು ಎಂದೂ ಹೇಳುವುದಿಲ್ಲ. ನೋವು ಇಳಿದ ಮೇಲೂ ಪಾದ ನೋಡಿಕೊಳ್ಳಬೇಕು ಎನ್ನುವುದಷ್ಟೇ ನನ್ನ ಮಾತು.

ಎಂಎನ್‌ಡಿ ಕುಟುಂಬ (ಬೆಂಗಳೂರು)

ಶುಗರ್ ವಿಷಯದ ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಯಜಮಾನರಿಗೆ ಮೋಟಾರ್ ನ್ಯೂರಾನ್ ಕಾಯಿಲೆ ಇತ್ತು. ಎಎಲ್‌ಎಸ್ ಎಂದೂ ಹೇಳುತ್ತಾರೆ. ಸ್ನಾಯುಗಳನ್ನು ಆಡಿಸುವ ನರಗಳೇ ಸಾಯುವ ಕಾಯಿಲೆ ಅದು. ಎರಡು ಔಷಧಿ ಸೇರಿಸಿ ನರ ಉಳಿಸುವ ಆಸೆ ಏನು ಅಂತ ನನಗೆ ಚೆನ್ನಾಗಿ ಗೊತ್ತು.

ಎಎಮ್‌ಎಕ್ಸ್0035 ಎಂಬ ಪುಡಿ. ಅದರಲ್ಲಿ ಸೋಡಿಯಂ ಫಿನೈಲ್‌ಬ್ಯುಟಿರೇಟ್, ಟಾರರ್ಸೋಡಯಾಲ್ ಎರಡೂ ಸೇರಿದ್ದವು. ಅಮೆರಿಕದ ಇಬ್ಬರು ಕಾಲೇಜು ವಿದ್ಯಾರ್ಥಿಗಳು ಯೋಚಿಸಿ ಶುರು ಮಾಡಿದ್ದು. ಒಂದು ಔಷಧಿ ಕೋಶದೊಳಗೆ ಪ್ರೋಟೀನ್ ತಯಾರಾಗುವ ಜಾಗದ ಒತ್ತಡ ಇಳಿಸುತ್ತದೆ, ಇನ್ನೊಂದು ಮೈಟೋಕಾಂಡ್ರಿಯಾ ಕಾಯುತ್ತದೆ ಎಂಬ ಲೆಕ್ಕ. ತಲೆಯ ಮೇಲೆ ಐಸ್ ನೀರು ಸುರಿದುಕೊಳ್ಳುವ ಅಭಿಯಾನ ನೆನಪಿದೆಯಾ? ಅದರಿಂದ ಬಂದ ದುಡ್ಡಿನಲ್ಲಿ ಒಂದಿಷ್ಟು ಈ ಪ್ರಯೋಗಕ್ಕೂ ಹೋಯಿತು. 2020ರಲ್ಲಿ ಫಲಿತಾಂಶ. 137 ಜನ, 24 ವಾರ. ದಿನದ ಕೆಲಸ ಎಷ್ಟು ಮಾಡಿಕೊಳ್ಳಬಲ್ಲರು ಎಂದು ನೋಡುವ 48 ಅಂಕದ ಅಳತೆಯಲ್ಲಿ ಔಷಧಿ ಪಡೆದವರು ತಿಂಗಳಿಗೆ 1.24 ಅಂಕ ಕಳೆದುಕೊಂಡರೆ, ಪಡೆಯದವರು 1.66. ಸಣ್ಣ ವ್ಯತ್ಯಾಸ. ಆದರೆ ನಮ್ಮಂಥವರಿಗೆ ಅದು ಇನ್ನು ಕೆಲವು ತಿಂಗಳು ತಾವೇ ತುತ್ತು ಎತ್ತಿ ಉಣ್ಣುವ ಭಾಗ್ಯ.

2022ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬೆಲೆ ವರ್ಷಕ್ಕೆ ಸುಮಾರು 1,58,000 ಡಾಲರ್. ಆಮದು ಮಾಡಿಕೊಳ್ಳಲು ಆಗುತ್ತದಾ ಎಂದು ಎಲ್ಲರನ್ನೂ ಕೇಳಿದೆವು. ಜಾಗ ಮಾರುವ ಮಾತೂ ಮನೆಯಲ್ಲಿ ಬಂದಿತ್ತು. ನಮ್ಮ ನ್ಯೂರಾಲಜಿಸ್ಟ್ ಕೂರಿಸಿಕೊಂಡು, "ದೊಡ್ಡ ಪ್ರಯೋಗ ಇನ್ನೂ ಮುಗಿದಿಲ್ಲ, ಸ್ವಲ್ಪ ಕಾಯಿರಿ" ಎಂದರು. ಆಗ ಅವರ ಮೇಲೆ ಸಿಟ್ಟು ಬಂದಿತ್ತು, ನಮಗೆ ಕಾಯಲು ಸಮಯ ಎಲ್ಲಿದೆ ಎಂದು. 2024ರ ಮಾರ್ಚಿನಲ್ಲಿ ದೊಡ್ಡ ಪ್ರಯೋಗದ ಫಲಿತಾಂಶ ಬಂತು. 664 ಜನ, 48 ವಾರ. ಏನೂ ವ್ಯತ್ಯಾಸವಿಲ್ಲ. ಏಪ್ರಿಲಿನಲ್ಲಿ ಕಂಪನಿಯೇ ಔಷಧಿಯನ್ನು ವಾಪಸ್ ತೆಗೆದುಕೊಂಡಿತು. ಅಷ್ಟರಲ್ಲಿ ಯಜಮಾನರು ತೀರಿಕೊಂಡಿದ್ದರು.

ಆ ವಿದ್ಯಾರ್ಥಿಗಳ ಮೇಲೆ ನನಗೆ ಬೇಸರವಿಲ್ಲ. ಪ್ರಯೋಗ ಸೋತರೆ ಹಿಂದಕ್ಕೆ ಪಡೆಯುತ್ತೇವೆ ಎಂದಿದ್ದರು, ಹಾಗೇ ಮಾಡಿದರು. ಪ್ರಯತ್ನ ನಿಲ್ಲಬಾರದು. ಆದರೆ ಆಸೆಯ ಬೆನ್ನು ಹತ್ತಿ ಮನೆ ಮಾರುವ ಮುಂಚೆ ಯಾರಾದರೂ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ನರದ ಎಳೆ

ಅಕ್ಕಾ, ಇಷ್ಟನ್ನು ಬರೆದಿದ್ದಕ್ಕೆ ಧನ್ಯವಾದ. ನಿಮ್ಮ ನ್ಯೂರಾಲಜಿಸ್ಟ್ ಹೇಳಿದ ಮಾತು ಎಷ್ಟು ಕಷ್ಟದ್ದು ಅಂತ ಅರ್ಥವಾಗುತ್ತದೆ.

ಇದೇ ದಾರಿಯಲ್ಲಿ ಸೋತ ಇನ್ನೆರಡನ್ನು ಹೇಳುತ್ತೇನೆ. ಷಾರ್ಕೋ ಮಾರಿ ಟೂತ್ ಎಂಬ ವಂಶಪಾರಂಪರ್ಯ ನರದ ಕಾಯಿಲೆಯಿದೆ. ಅದರ 1ಎ ಬಗೆಗೆ ಬ್ಯಾಕ್ಲೋಫೆನ್, ನಾಲ್‌ಟ್ರೆಕ್ಸೋನ್, ಸಾರ್ಬಿಟಾಲ್ ಮೂರನ್ನೂ ಬಹಳ ಸಣ್ಣ ಪ್ರಮಾಣದಲ್ಲಿ ಸೇರಿಸಿದ ಪಿಎಕ್ಸ್‌ಟಿ3003 ತಯಾರಿಸಿದರು. ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು. ಮನುಷ್ಯರ ಮೊದಲ ದೊಡ್ಡ ಪ್ರಯೋಗದಲ್ಲಿ ಹೆಚ್ಚಿನ ಪ್ರಮಾಣದ ದ್ರಾವಣದಲ್ಲಿ ಹರಳು ಕಟ್ಟಿತು. ಆ ಗುಂಪನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಆದರೂ ಆಸೆ ಹುಟ್ಟಿಸುವ ಅಂಕಿ ಬಂದವು. ಮತ್ತೊಂದು ಪ್ರಯೋಗ ಮಾಡಿದರು. 2023ರ ಕೊನೆಯಲ್ಲಿ ಅದು ವಿಫಲವಾಯಿತು.

ಮೈಯ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಯ ನರದ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಕಾಂಬಿಆರ್‌ಎಕ್ಸ್ ಅಂತ ಒಂದು ಪ್ರಯೋಗ, 1008 ಜನ. ಇಂಟರ್‌ಫೆರಾನ್, ಗ್ಲಾಟಿರಾಮರ್ ಎರಡೂ ಆಗಲೇ ಬಳಕೆಯಲ್ಲಿದ್ದ ಔಷಧಿಗಳು. ಸೇರಿಸಿ ಕೊಟ್ಟರೆ ಇನ್ನೂ ಒಳ್ಳೆಯದಾಗಬೇಕಿತ್ತು ಅಲ್ವಾ? ಕಾಯಿಲೆ ಮರುಕಳಿಸುವುದನ್ನು ತಡೆಯುವುದರಲ್ಲಿ ಗ್ಲಾಟಿರಾಮರ್ ಒಂದಕ್ಕಿಂತ ಆ ಜೋಡಿ ಮೇಲಾಗಲಿಲ್ಲ. ಒಂದಕ್ಕೆ ಒಂದು ಸೇರಿದರೆ ಎರಡಾಗಲೇಬೇಕು ಎಂಬ ನಿಯಮ ಮೈಯಲ್ಲಿ ಇಲ್ಲ. ಲ್ಯಾಬಿನಲ್ಲಿ ಕೂತ ನಮಗೂ ಇದು ದೊಡ್ಡ ಪಾಠ. ಇಲಿಯ ನರಕ್ಕೆ ಪೆಟ್ಟು ಬೀಳುವ ಮುಂಚೆಯೇ ನಾವು ಔಷಧಿ ಕೊಡುತ್ತೇವೆ. ಮನುಷ್ಯ ಡಾಕ್ಟರ ಹತ್ತಿರ ಬರುವುದು ಎಳೆಗಳು ಸಾಯಲು ಶುರುವಾಗಿ ಎಷ್ಟೋ ಕಾಲದ ಮೇಲೆ.

ನಿವೃತ್ತ ಆರೋಗ್ಯ ಕಾರ್ಯಕರ್ತ (ರಾಯಚೂರು)

ಎಲ್ಲರೂ ಸೋತ ಕಥೆಯನ್ನೇ ಹೇಳುತ್ತಿದ್ದೀರಿ. ಗೆದ್ದದ್ದನ್ನು ನಾನು ಹೇಳುತ್ತೇನೆ. ಕುಷ್ಠ ವಿಭಾಗದಲ್ಲಿ ಕೆಲಸ ಮಾಡಿದವನು ನಾನು.

ಕುಷ್ಠ ಅಂದರೆ ಚರ್ಮದ ಕಾಯಿಲೆ ಅಂತಲೇ ಜನ ತಿಳಿದಿದ್ದಾರೆ. ಅದು ಮುಖ್ಯವಾಗಿ ನರದ ಕಾಯಿಲೆ. ಆ ರೋಗಾಣು ನರದ ಎಳೆಯನ್ನು ಸುತ್ತಿರುವ ಶ್ವಾನ್ ಕೋಶಗಳ ಒಳಗೇ ಮನೆ ಮಾಡಿಕೊಳ್ಳುತ್ತದೆ. ಮೊದಲು ಡ್ಯಾಪ್ಸೋನ್ ಒಂದೇ ಕೊಡುತ್ತಿದ್ದರು. ರೋಗಾಣು ಅದಕ್ಕೆ ಒಗ್ಗಿಕೊಂಡಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹಲವು ಔಷಧಿ ಒಟ್ಟಿಗೆ ಕೊಡಿ ಎಂದರು. ಅದೇ ಎಂಡಿಟಿ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೊಫಾಜಿಮಿನ್. ದೊಡ್ಡವರ ಬಹುರೋಗಾಣು ಪ್ಯಾಕ್ (ಮೈಯಲ್ಲಿ ರೋಗಾಣು ಜಾಸ್ತಿ ಇರುವವರದು) ಆದರೆ, ತಿಂಗಳಿಗೊಮ್ಮೆ ನಮ್ಮ ಕಣ್ಣೆದುರು ನುಂಗಬೇಕಾದ ರಿಫಾಂಪಿಸಿನ್ 600 ಮಿ.ಗ್ರಾಂ, ಕ್ಲೊಫಾಜಿಮಿನ್ 300, ಡ್ಯಾಪ್ಸೋನ್ 100. ಉಳಿದ ದಿನ ಡ್ಯಾಪ್ಸೋನ್ 100, ಕ್ಲೊಫಾಜಿಮಿನ್ 50. ಹನ್ನೆರಡು ತಿಂಗಳು. 1995ರಿಂದ ಇದು ಜಗತ್ತಿನಾದ್ಯಂತ ಉಚಿತ. ಲಕ್ಷಾಂತರ ಜನರ ಕೈಬೆರಳು, ಪಾದ, ಕಣ್ಣು ಇದರಿಂದ ಉಳಿದಿವೆ.

ಆದರೆ ಇಲ್ಲೂ ಒಂದು ಸೂಕ್ಷ್ಮ ಇದೆ. ಎಂಡಿಟಿ ರೋಗಾಣುವನ್ನು ಕೊಲ್ಲುತ್ತದೆ, ನರದ ಊತವನ್ನು ಇಳಿಸುವುದಿಲ್ಲ. ಸತ್ತ ರೋಗಾಣುವಿನ ಚೂರುಗಳ ಮೇಲೂ ಮೈ ಸಿಟ್ಟಾಗುತ್ತದೆ. ಇದನ್ನು ರಿಯಾಕ್ಷನ್ ಎನ್ನುತ್ತೇವೆ. ಚಿಕಿತ್ಸೆ ನಡೆಯುವಾಗಲೇ, ಕೆಲವರಿಗೆ ಮುಗಿದ ಮೇಲೂ ಬರುತ್ತದೆ. ಮೊಣಕೈ ಹತ್ತಿರದ ನರ ದಪ್ಪವಾಗಿ ನೋಯುತ್ತದೆ. ಕೆಲವರಿಗೆ ನೋವೇ ಇಲ್ಲದೆ ಕಿರುಬೆರಳು ಬಲ ಕಳೆದುಕೊಳ್ಳುತ್ತದೆ. ಆಗ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಬೇಕು. ನರದ ಬಲ ಹೋಗಿ ಆರು ತಿಂಗಳ ಒಳಗೆ ಕೊಟ್ಟರೆ ವಾಪಸ್ ಬರುವ ಅವಕಾಶ ಹೆಚ್ಚು. ರೋಗಾಣುವಿಗೆ ಎಂಡಿಟಿ, ಊತಕ್ಕೆ ಸ್ಟೀರಾಯ್ಡ್, ಎರಡೂ ಸೇರಿದಾಗಲೇ ನರ ಉಳಿಯುತ್ತಿತ್ತು.

ಮೊದಲಿಂದಲೇ ಎಲ್ಲರಿಗೂ ಸ್ಟೀರಾಯ್ಡ್ ಕೊಟ್ಟರೆ ರಿಯಾಕ್ಷನ್ನೇ ಬರುವುದಿಲ್ಲವೇನೋ ಎಂದೂ ಪ್ರಯೋಗ ಮಾಡಿದ್ದಾರೆ. 2004ರಲ್ಲಿ ಅದರ ಫಲಿತಾಂಶ ಬಂತು. ಔಷಧಿ ನಡೆಯುವ ನಾಲ್ಕು ತಿಂಗಳು ಲಾಭ ಕಂಡಿತು, ವರ್ಷದ ಹೊತ್ತಿಗೆ ಉಳಿಯಲಿಲ್ಲ. ಹಾಗಾಗಿ ಮುಖ್ಯವಾದದ್ದು ಪ್ರತಿ ಸಲ ರೋಗಿಯನ್ನು ಕೂರಿಸಿ ಪರೀಕ್ಷೆ ಮಾಡುವುದು. ಅದಕ್ಕೆ ದೊಡ್ಡ ಯಂತ್ರ ಬೇಡ. ಕಣ್ಣು ಮುಚ್ಚಲು ಹೇಳಿ, ಬಾಲ್‌ಪೆನ್ ತುದಿಯನ್ನು ಅಂಗಾಲಿನ ಮೇಲೆ ಮೆಲ್ಲಗೆ ಒತ್ತಿ, ಎಲ್ಲಿ ತಾಗಿತು ತೋರಿಸಿ ಎನ್ನುತ್ತಿದ್ದೆವು. ಕಳೆದ ತಿಂಗಳು ತೋರಿಸಿದ ಜಾಗವನ್ನು ಈ ತಿಂಗಳು ತೋರಿಸದಿದ್ದರೆ ಅದೇ ದಿನ ಡಾಕ್ಟರ ಹತ್ತಿರ ಕಳಿಸುತ್ತಿದ್ದೆವು.

ಶಿವಮೊಗ್ಗದ ತಂಗೀ, ನಿಮ್ಮ ತಾಯಿಯವರಿಗೆ ಎಂಸಿಆರ್ ಚಪ್ಪಲಿ ಕೊಡಿಸಿ. ಒಳಗೆ ಮೆತ್ತನೆಯ ರಬ್ಬರ್ ಇರುತ್ತದೆ. ಕುಷ್ಠದವರಿಗೆಂದು ಬಳಕೆಗೆ ಬಂದದ್ದು, ಶುಗರ್ ಪಾದಕ್ಕೂ ಬಹಳ ಒಳ್ಳೆಯದು. ಹಿಂದೆ ಪಟ್ಟಿ ಇರುವುದನ್ನೇ ತೆಗೆದುಕೊಳ್ಳಿ, ಕಳಚುವುದಿಲ್ಲ. ಮಧ್ಯಾಹ್ನದ ಹೊತ್ತು ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬೇಡ. ಬೊಬ್ಬೆ ಬಂದದ್ದೂ ಗೊತ್ತಾಗುವುದಿಲ್ಲ. ಸ್ನಾನದ ನೀರನ್ನು ಬೇರೆಯವರು ಮುಟ್ಟಿ ನೋಡಲಿ. ದಿನಾ ರಾತ್ರಿ ಯಾರಾದರೂ ಅಂಗಾಲು, ಬೆರಳ ಸಂದಿ ನೋಡಿ.

ಶುಗರ್ ಡಾಕ್ಟರ್

ರಾಯಚೂರಿನ ಅಣ್ಣ ಬರೆದದ್ದಕ್ಕೆ ನನ್ನ ಕಡೆಯಿಂದ ಸೇರಿಸಲು ಒಂದೇ ಮಾತು: ಉಗುರು ಕತ್ತರಿಸುವಾಗ ಮೂಲೆ ಕೊರೆಯಬೇಡಿ, ನೇರಕ್ಕೆ ಕತ್ತರಿಸಿ. ಆಣಿ ಇದ್ದರೆ ಮನೆಯಲ್ಲಿ ಬ್ಲೇಡ್ ಹಾಕಬೇಡಿ.

ಹೊಸಬರು (ಮಂಗಳೂರು)

ಈ ಚರ್ಚೆ ಪೂರ್ತಿ ಓದಿದೆ. ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್. ಪ್ಯಾಕ್ಲಿಟಾಕ್ಸೆಲ್ ಕೀಮೋ ನಡೀತಾ ಇದೆ. ಎರಡು ಸಲ ಆದ ಮೇಲೆ ಬೆರಳ ತುದಿ ಜೋಮು ಬಂದಿದೆ. ರವಿಕೆಯ ಗುಂಡಿ ಹಾಕಲು ಕಷ್ಟಪಡುತ್ತಾರೆ. ಪಕ್ಕದ ಮನೆಯವರು ನರ ಕಾಯುವ ಕ್ಯಾಪ್ಸೂಲ್ ಅಂತ ಒಂದು ಕೊಟ್ಟಿದ್ದಾರೆ. ಅದರಲ್ಲಿ ಬಿ12, ಲಿಪೋಯಿಕ್ ಆಸಿಡ್ ಜೊತೆಗೆ ಅಸಿಟೈಲ್ ಎಲ್ ಕಾರ್ನಿಟಿನ್ 500 ಮಿ.ಗ್ರಾಂ ಇದೆ. ಮುಂದಿನ ಕೀಮೋ ಮುಂಚೆ ಶುರು ಮಾಡಬಹುದಾ?

ನರದ ಎಳೆ

ಮಂಗಳೂರಿನವರೇ, ದಯವಿಟ್ಟು ಶುರು ಮಾಡಬೇಡಿ. ಮೊದಲು ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ. ಇದೇ ಅಸಿಟೈಲ್ ಎಲ್ ಕಾರ್ನಿಟಿನ್ ನರ ಕಾಯುತ್ತದೆ ಎಂದು ನಂಬಿ ಅಮೆರಿಕದಲ್ಲಿ ಪ್ರಯೋಗ ಮಾಡಿದರು. ಸ್ತನ ಕ್ಯಾನ್ಸರಿಗೆ ನಿಮ್ಮ ಅಕ್ಕನ ಥರದ ಕೀಮೋ ಪಡೆಯುತ್ತಿದ್ದ 409 ಮಹಿಳೆಯರು, ದಿನಕ್ಕೆ 3 ಗ್ರಾಂ, 24 ವಾರ. 2013ರಲ್ಲಿ ಫಲಿತಾಂಶ ಬಂತು. ಅದನ್ನು ತೆಗೆದುಕೊಂಡವರಿಗೇ ನರದ ತೊಂದರೆ ಜಾಸ್ತಿಯಾಗಿತ್ತು. ನಿಮ್ಮ ಕ್ಯಾಪ್ಸೂಲಿನಲ್ಲಿ ಇರುವುದು ಅದರ ಆರನೇ ಒಂದು ಪಾಲು, ನಿಜ. ಆದರೂ ಕೀಮೋ ಹೊತ್ತಿನಲ್ಲಿ ಆ ಅಪಾಯ ಯಾಕೆ ಬೇಕು?

ಶುಗರ್ ಡಾಕ್ಟರ್

ಹೌದು, ಬೇಡವೇ ಬೇಡ. ಕೀಮೋ ಮಾಡುವ ಡಾಕ್ಟರಿಗೆ "ಗುಂಡಿ ಹಾಕಲು ಆಗುತ್ತಿಲ್ಲ" ಎಂದು ಇದೇ ಮಾತಿನಲ್ಲಿ ಹೇಳಿ. ಬರೀ "ಸ್ವಲ್ಪ ಜೋಮು" ಎಂದರೆ ತೀವ್ರತೆ ಅವರಿಗೆ ತಿಳಿಯುವುದಿಲ್ಲ. ಪ್ರಮಾಣ ಇಳಿಸುವುದು, ಅಂತರ ಹೆಚ್ಚಿಸುವುದು, ಔಷಧಿ ಬದಲಿಸುವುದು ಅವರ ಕೈಯಲ್ಲಿದೆ. ನರ ಉಳಿಸಲು ಈಗ ಇರುವ ನಂಬುವಂಥ ದಾರಿ ಅದೇ. ಜೋಮಿನ ಜೊತೆ ನೋವಿದ್ದರೆ ಡುಲೊಕ್ಸೆಟಿನ್ ಬಗ್ಗೆ ಕೇಳಿ. ಕೀಮೋ ತಂದ ನರದ ನೋವಿಗೆ ಪ್ರಯೋಗದಲ್ಲಿ ಗೆದ್ದದ್ದು ಅದು. ಜೋಮನ್ನು ತಡೆಯಲು ಅಲ್ಲ, ನೋವಿಗೆ. ಮುಂದಿನ ಕೀಮೋ ದಿನದವರೆಗೆ ಕಾಯಬೇಡಿ, ನಾಳೆಯೇ ಫೋನ್ ಮಾಡಿ.

ಹೊಸಬರು (ಮಂಗಳೂರು)

ಸರಿ ಸರ್. ಬೆಳಿಗ್ಗೆ ಒಪಿಡಿ ತೆರೆದ ಕೂಡಲೇ ಫೋನ್ ಮಾಡುತ್ತೇನೆ. ಮನೆಯಲ್ಲಿರುವ ಎಲ್ಲಾ ಸ್ಟ್ರಿಪ್‌ಗಳ ಫೋಟೋ ತೆಗೆದು ಅವರಿಗೇ ಕಳಿಸುತ್ತೇನೆ.